ಸಿಳ್ಳೆ ರೆಕಾರ್ಡು

ಕರಿಯ ರೆಕಾರ್ಡಿನ ಮೇಲೆ ಒಂದು ಬಿಳಿ ಪಟ್ಟಿ ತಿರುಗುತ್ತಿತ್ತು. ಗಾಯಕ್ಕೆ ಹಾಕುವ ಪ್ಲಾಸ್ಟರಿನ ತುಂಡು ಅದು. ಕಿರುಬೆರಳಿನ ಅಗಲ, ನಡುವಿನ ಕಪ್ಪು ಲೇಬಲ್ಲಿನ ಮೇಲೆ ಗಡಿಯಾರದ ಮುಳ್ಳಿನ ಹಾಗೆ ನೆಟ್ಟಗೆ ಅಂಟಿಸಿದ್ದು. ಅದು ತಿರುಗುವುದನ್ನು ನೋಡುತ್ತ ನಾನು ಇನ್ನಾಸಪ್ಪನವರಿಗೆ ಒಂದು ಮಾತು ಕೊಟ್ಟೆ. ನಿಮ್ಮ ಕೈಗೂ ಹಾಡಿಗೂ ನಡುವೆ ನಾನು ಬರುವುದಿಲ್ಲ, ಕೈ ಕೆಟ್ಟ ದಿನ ಎಲ್ಲರಿಗಿಂತ ಮೊದಲು ನಾನೇ ಹೇಳುತ್ತೇನೆ. ಇದು ಎರಡು ಮಾತು ಎನ್ನಿಸಬಹುದು. ಅವರು ಕೇಳಿದ್ದು ಒಂದೇ ಮಾತಾಗಿ. ನಾನು ಕೊಟ್ಟದ್ದೂ ಒಂದೇ ಉಸಿರಿನಲ್ಲಿ.

ನಾನಿದ್ದ ಊರಿನಲ್ಲಿ ಮುಚ್ಚಿಹೋದ ಒಂದು ಐಸ್ ಫ್ಯಾಕ್ಟರಿ ಇತ್ತು. ಮೊಳ ದಪ್ಪದ ಗೋಡೆಗಳು, ಅವುಗಳ ನಡುವೆ ಮರದ ಹೊಟ್ಟು. ಒಳಗಿನ ತಂಪು ಹೊರಗೆ ಹೋಗಬಾರದೆಂದು ಕಟ್ಟಿದ ಗೋಡೆಗಳು ಈಗ ಒಳಗಿನ ಸದ್ದನ್ನು ಹೊರಗೆ ಬಿಡುತ್ತಿರಲಿಲ್ಲ. ದಾಕ್ಷಾಯಿಣಮ್ಮ ಎಂಬುವರು ಅದನ್ನು ವಹಿಸಿಕೊಂಡು, ಗುಡಿಸಿ ಸಾರಿಸಿ, ಭಾನುವಾರ ಮಧ್ಯಾಹ್ನ ನಾಲ್ಕರಿಂದ ಏಳರವರೆಗೆ ಕುಣಿಯುವವರಿಗೆ ತೆರೆದಿಡುತ್ತಿದ್ದರು. ಏಳಕ್ಕೇ ಮುಗಿಯಲೇಬೇಕು, ಬರುವವರೆಲ್ಲ ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೋಗುವವರು. ನರ್ಸುಗಳು, ಬಸ್ಸಿನವರು, ಹೊಲಿಗೆ ಕಾರ್ಖಾನೆಯ ಹೆಂಗಸರು. ಚಪ್ಪಲಿಗಳನ್ನು ಬಾಗಿಲಲ್ಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬರಬೇಕೆಂಬುದು ದಾಕ್ಷಾಯಿಣಮ್ಮನವರ ಕಟ್ಟುನಿಟ್ಟು. “ನೆಲ ಒರೆಸೋಳು ನಾನು, ನೀವಲ್ಲ,” ಎನ್ನುತ್ತಿದ್ದರು.

ಅಲ್ಲಿ ಹಾಡು ಹಾಕುತ್ತಿದ್ದವರು ಇನ್ನಾಸಪ್ಪ. ಆಗಲೇ ಅರವತ್ತರ ಹತ್ತಿರ. ಹರೆಯದಲ್ಲಿ ಮೈಕ್ ಸೆಟ್ಟಿನವರ ಜೊತೆ ಮದುವೆ ಮನೆಗಳಿಗೆ ಹೋಗಿ ರೆಕಾರ್ಡು ಹಾಕಿ ಪಳಗಿದ ಕೈ. ವಾರದ ದಿನಗಳಲ್ಲಿ ಬಸ್ ಶೆಡ್ಡಿನಲ್ಲಿ ಬಸ್ಸುಗಳ ಮೇಲೆ ಊರಿನ ಹೆಸರು ಬರೆಯುತ್ತಿದ್ದರು. ಗೆರೆ ಎಳೆದುಕೊಳ್ಳದೆ, ದಾರ ಹಿಡಿಯದೆ, ಏಣಿಯ ಮೇಲೆ ನಿಂತು ಒಂದೇ ಎಳೆತಕ್ಕೆ ಅಕ್ಷರ ತೆಗೆಯುವವರು ಅಲ್ಲಿ ಅವರೊಬ್ಬರೇ. ರೆಕಾರ್ಡು ತಿರುಗಿಸುವ ಟರ್ನ್‌ಟೇಬಲ್ಲಿನ ಮುಂದೆಯೂ ಅದೇ ಕೈ. ಎಡಗೈಯ ನಡುಬೆರಳು ತಿರುಗುವ ರೆಕಾರ್ಡಿನ ಅಂಚನ್ನು ಮುಟ್ಟಿಯೂ ಮುಟ್ಟದ ಹಾಗೆ ಇರುತ್ತಿತ್ತು. ಕುಣಿಯುವವರು ದಣಿದಂತೆ ಕಂಡರೆ ಹಾಡು ಒಂದು ಎಳೆ ನಿಧಾನವಾಗುತ್ತಿತ್ತು, ಹುಮ್ಮಸ್ಸಿನಲ್ಲಿದ್ದರೆ ಒಂದು ಎಳೆ ಚುರುಕು. ಬಂದವರಿಗೆ ಅದು ಗೊತ್ತಾಗುತ್ತಿರಲಿಲ್ಲ. ಇವತ್ತು ಯಾಕೋ ಕಾಲು ಚೆನ್ನಾಗಿ ಆಡಿತು ಎಂದುಕೊಂಡು ಮನೆಗೆ ಹೋಗುತ್ತಿದ್ದರು.

ನಾನು ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಮಗಳು ಚಿಕ್ಕವಳು, ಅವಳನ್ನು ನೋಡಿಕೊಳ್ಳಲು ನನ್ನನ್ನು ಬಿಟ್ಟರೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಭಾನುವಾರ ಮಧ್ಯಾಹ್ನ ಮಾತ್ರ ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದರು. ಅಡುಗೆ, ಪಾತ್ರೆ, ಹೋಂವರ್ಕ್ ಎಲ್ಲ ಮುಗಿದ ಮೇಲೆ ಉಳಿದಷ್ಟು ಹೊತ್ತು ಕಂಪ್ಯೂಟರಿನಲ್ಲಿ ಹಾಡು ಕಟ್ಟುತ್ತಿದ್ದೆ. ಹಿಟ್ಟಿನ ಗಿರಣಿಯ ಬೆಲ್ಟು ತಟ್ಟುವ ಸದ್ದು, ಒಗೆಯುವ ಕಲ್ಲಿನ ಪೆಟ್ಟು, ಮಗಳು ಮೆಟ್ಟಿಲು ಎಣಿಸುತ್ತ ಇಳಿಯುವ ದನಿ, ಹೀಗೆ ಸಿಕ್ಕಿದ್ದನ್ನೆಲ್ಲ ಹಿಡಿದುಕೊಂಡು, ಚಿಕ್ಕ ಚಿಕ್ಕ ತುಂಡು ಮಾಡಿ, ಸುತ್ತಿ ಸುತ್ತಿ ಬರುವಂತೆ ಒಂದರ ಮೇಲೊಂದು ಜೋಡಿಸುತ್ತಿದ್ದೆ. ಅವುಗಳಿಗೆ ಜನ ಕುಣಿಯುವುದನ್ನು ನೋಡಬೇಕೆಂಬ ಆಸೆ ಇತ್ತು. ಇನ್ನಾಸಪ್ಪನವರನ್ನು ಕೇಳಿದಾಗ ಅವರು ಲ್ಯಾಪ್‌ಟಾಪನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದರು.

“ಗುಂಡಿ ಒತ್ತಿ ಹಾಡು ಹಾಕೋದಾದ್ರೆ ಲಿಫ್ಟ್ ನಡೆಸೋನೂ ಹಾಕ್ತಾನೆ ಅಮ್ಮಣ್ಣಿ. ನನಗೆ ಹಿಡ್ಕೊಳ್ಳೋಕೆ ಏನಾದ್ರೂ ಬೇಕು.”

ಹಿಡಿದುಕೊಳ್ಳುವುದಕ್ಕೆ ಒಂದು ವಸ್ತು ಇತ್ತು. ಅದನ್ನು ತರಿಸಲು ನನಗೆ ಎರಡು ತಿಂಗಳು ಹಿಡಿಯಿತು. ನೋಡಲು ಎಲ್ಲ ರೆಕಾರ್ಡಿನ ಹಾಗೆಯೇ ಇರುವ ಒಂದು ರೆಕಾರ್ಡು. ಅದರಲ್ಲಿ ಹಾಡು ಮಾತ್ರ ಇಲ್ಲ. ಒಂದು ಭಾನುವಾರ ಮೂರು ಗಂಟೆಗೆ, ಇನ್ನೂ ಯಾರೂ ಬರುವ ಮೊದಲು, ಇನ್ನಾಸಪ್ಪ ಅದನ್ನು ಟರ್ನ್‌ಟೇಬಲ್ಲಿನ ಮೇಲಿಟ್ಟು ಮುಳ್ಳು ಇಳಿಸಿದರು. ಇಡೀ ಹಾಲ್ ತುಂಬ ಒಂದೇ ಸಮನೆ ಕೀರಲು ಸಿಳ್ಳೆ. ಒಳಗಿನ ಕೋಣೆಯಿಂದ ದಾಕ್ಷಾಯಿಣಮ್ಮ ಕೂಗಿದರು.

“ಯಾರ ಮನೆ ಕುಕ್ಕರ್ರೀ ಅದು, ಇಳಿಸ್ರೀ ಮೊದ್ಲು.”

ನಾನು ಟರ್ನ್‌ಟೇಬಲ್ಲಿನ ವೈರನ್ನು ಸ್ಪೀಕರಿನಿಂದ ತೆಗೆದು ಕಂಪ್ಯೂಟರಿಗೆ ಸಿಕ್ಕಿಸಿದೆ. ಸಿಳ್ಳೆ ನಿಂತಿತು. ಗಿರಣಿಯ ಬೆಲ್ಟು ಶುರುವಾಯಿತು, ಅದರ ಮೇಲೆ ಒಗೆಯುವ ಕಲ್ಲು. ಈ ಸಿಳ್ಳೆ ನಮಗಲ್ಲ, ಕಂಪ್ಯೂಟರಿಗೆ, ಎಂದು ಅವರಿಗೆ ವಿವರಿಸಿದೆ. ಮುಳ್ಳು ರೆಕಾರ್ಡಿನಲ್ಲಿ ಎಲ್ಲಿದೆ, ಎಷ್ಟು ವೇಗದಲ್ಲಿದೆ, ಮುಂದೆ ಹೋಗುತ್ತಿದೆಯೋ ಹಿಂದೆಯೋ ಎಂಬುದನ್ನು ಸಿಳ್ಳೆ ಹೇಳುತ್ತಿರುತ್ತದೆ. ಕಂಪ್ಯೂಟರ್ ಅದನ್ನು ಕೇಳಿಸಿಕೊಂಡು ನಾನು ಕಟ್ಟಿದ ಹಾಡನ್ನು ಹಾಗೆಯೇ ಓಡಿಸುತ್ತದೆ. ನೀವು ರೆಕಾರ್ಡನ್ನು ತಡೆದರೆ ಹಾಡು ತಡೆಯುತ್ತದೆ, ನೂಕಿದರೆ ಓಡುತ್ತದೆ.

ಅವರು ಬೆರಳಿನಿಂದ ಅಂಚನ್ನು ಮೆಲ್ಲಗೆ ನೂಕಿದರು. ಬೆಲ್ಟು, ಕಲ್ಲು, ಮಗಳ ಎಣಿಕೆ ಎಲ್ಲವೂ ಒಟ್ಟಿಗೆ ಮುಂದಕ್ಕೆ ಜಿಗಿದವು. ಅಂಗೈ ಇಟ್ಟು ಎಳೆದರು. ಎಲ್ಲವೂ ಒಟ್ಟಿಗೆ ಭಾರವಾಗಿ ಕುಸಿದವು. ಮಗಳ ದನಿ ದಪ್ಪವಾಗುತ್ತ ಗಂಡಸಿನ ದನಿಯಾಯಿತು.

“ಮಗೂಗೆ ನೆಗಡಿ ಆಯ್ತು,” ಎಂದು ನಕ್ಕರು. ಆಮೇಲೆ ಬಹಳ ಹೊತ್ತು ನೂಕುತ್ತ, ಎಳೆಯುತ್ತ ನಿಂತಿದ್ದರು. “ಅಂದ್ರೆ ಹಸು ನಿನ್ನ ಕೊಟ್ಟಿಗೇಲಿ, ಹಗ್ಗ ನನ್ನ ಕೈಲಿ.”

“ಹೌದಣ್ಣ.”

“ಹಗ್ಗ ಮಧ್ಯದಲ್ಲಿ ಯಾರೂ ಬಿಚ್ಚೋಕಾಗಲ್ವಾ?”

ಬಿಚ್ಚಬಹುದಿತ್ತು. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಗುಂಡಿ ಇತ್ತು. ಅದನ್ನು ಒತ್ತಿದರೆ ಕಂಪ್ಯೂಟರ್ ರೆಕಾರ್ಡಿನ ಮಾತು ಕೇಳುವುದನ್ನು ಬಿಟ್ಟು ತನ್ನಷ್ಟಕ್ಕೆ ಓಡುತ್ತದೆ; ರೆಕಾರ್ಡು ತಿರುಗುತ್ತಿರುತ್ತದೆ, ಅಷ್ಟೆ. ಮುಳ್ಳು ಹಾಳಾದರೆ ಹಾಡು ನಿಲ್ಲದಿರಲಿ ಎಂದು ಮಾಡಿದ ಏರ್ಪಾಡು ಅದು. ಇದನ್ನೂ ಅವರಿಗೆ ತೋರಿಸಿದೆ. ಅವರು ಆ ಗುಂಡಿಯನ್ನು ಸ್ವಲ್ಪ ಹೊತ್ತು ದಿಟ್ಟಿಸಿದರು. ಆಮೇಲೆ ಒಳಗೆ ಹೋಗಿ ದಾಕ್ಷಾಯಿಣಮ್ಮನವರ ಔಷಧದ ಡಬ್ಬಿಯಿಂದ ಒಂದು ತುಂಡು ಪ್ಲಾಸ್ಟರ್ ಕತ್ತರಿಸಿ ತಂದು ಲೇಬಲ್ಲಿನ ಮೇಲೆ ಅಂಟಿಸಿ, ರೆಕಾರ್ಡನ್ನು ತಿರುಗಲು ಬಿಟ್ಟು, ಮಾತು ಕೇಳಿದರು. ನಾನು ಕೊಟ್ಟೆ.

ಆರು ವರ್ಷ ಹಾಗೆ ನಡೆಯಿತು. ಅವರ ಹಳೆಯ ರೆಕಾರ್ಡುಗಳು ಪೆಟ್ಟಿಗೆ ಸೇರಿದವು. ಸಿಳ್ಳೆ ರೆಕಾರ್ಡು ಎಂದು ಅವರು ಹೆಸರಿಟ್ಟ ಅದೊಂದೇ ಸಾಕಾಯಿತು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಆಟ ಮುಗಿದ ಮೇಲೆ ಮೆತ್ತನೆಯ ಬಟ್ಟೆಯಿಂದ ಒರೆಸಿ, ಚೀಲಕ್ಕೆ ಹಾಕಿ, ಅವರೇ ಎತ್ತಿಡುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ತುಂಡುಗಳನ್ನು ಸೇರಿಸುತ್ತಿದ್ದೆ, ತೆಗೆಯುತ್ತಿದ್ದೆ. ಯಾವುದು ಬೇಕೆಂದು ನಾನು ನೋಡಿಕೊಳ್ಳುತ್ತಿದ್ದೆ, ಹೇಗೆ ನಡೆಯಬೇಕೆಂದು ಅವರು.

ಆರೂವರೆಯ ಸುಮಾರಿಗೆ ನಿಲ್ಲಿಸಾಟ ಬರುತ್ತಿತ್ತು. ಅವರು ಅಂಗೈಯನ್ನು ರೆಕಾರ್ಡಿನ ಮೇಲಿಟ್ಟು ನಿಧಾನವಾಗಿ ಒತ್ತುತ್ತ ಹೋಗುತ್ತಿದ್ದರು. ಹಾಡು ಕೆಳಗೆ ಕೆಳಗೆ ಇಳಿದು, ಬಿಳಿ ಪಟ್ಟಿ ಸರಿಯಾಗಿ ಅವರ ಎದೆಗೆ ಎದುರಾದಾಗ ನಿಲ್ಲುತ್ತಿತ್ತು. ಒಂದು ದಿನವೂ ಅದು ಅತ್ತಿತ್ತ ನಿಂತದ್ದಿಲ್ಲ. ಹಾಡು ನಿಂತಾಗ ಯಾರು ಹೇಗಿದ್ದಾರೋ ಹಾಗೇ ನಿಲ್ಲಬೇಕು. ಎತ್ತಿದ ಕೈ ಎತ್ತಿದಂತೆ, ಬಾಗಿದ ಸೊಂಟ ಬಾಗಿದಂತೆ. ಮೊದಲು ಅಲ್ಲಾಡಿದವರು ಸೋತರು. ಸೋತವರು ಬಿಂದಿಗೆ ಹೊತ್ತು ಎಲ್ಲರಿಗೂ ನೀರು ಕೊಡಬೇಕು. ಮುಕ್ಕಾಲು ಪಾಲು ಸೋಲುತ್ತಿದ್ದದ್ದು ಚೆಲುವರಾಜು ಎಂಬ ಬಸ್ ಕಂಡಕ್ಟರ್. “ಹದಿನೆಂಟು ವರ್ಷ ಓಡೋ ಬಸ್ಸಲ್ಲಿ ನಿಂತೋನು ನಾನು, ನಿಂತ ನೆಲದ ಮೇಲೆ ನಿಲ್ಲೋಕೆ ಬರಲ್ಲ,” ಎನ್ನುತ್ತಿದ್ದ.

ಆರನೆಯ ವರ್ಷ ಹಾಡಿನಲ್ಲಿ ಒಂದು ನಡುಕ ಸೇರಿಕೊಂಡಿತು.

ಮೊದಲು ನಾನು ವೈರುಗಳನ್ನು ಬದಲಿಸಿದೆ. ಮುಳ್ಳು ಬದಲಿಸಿದೆ. ಆಮೇಲೆ ಅವರ ನಡುಬೆರಳನ್ನು ನೋಡಿದೆ. ಅದು ಅಂಚನ್ನು ಮುಟ್ಟಿದಾಗಲೆಲ್ಲ ಸಣ್ಣಗೆ ಅದುರುತ್ತಿತ್ತು. ಎಲ್ಲವನ್ನೂ ಆ ಒಂದು ರೆಕಾರ್ಡಿಗೆ ಕಟ್ಟಿದ್ದರಿಂದ ಬೆರಳಿನ ಅದುರು ಬೆಲ್ಟಿಗೆ, ಕಲ್ಲಿಗೆ, ಮಗಳ ದನಿಗೆ ಹರಿಯುತ್ತಿತ್ತು. ಕೆಲವು ವಾರ ಜನ ಅದನ್ನು ಹೊಸ ವರಸೆ ಎಂದುಕೊಂಡರು. ಆಮೇಲೆ ಕಾಲು ತಪ್ಪತೊಡಗಿತು. ನರ್ಸುಗಳಲ್ಲಿ ಇಬ್ಬರು ಗೋಡೆಗೆ ಒರಗಿ ಅವರ ಕೈಯನ್ನೇ ನೋಡುತ್ತಿದ್ದುದನ್ನು ನಾನು ಕಂಡೆ. ನಡುಕವನ್ನು ಸೋಸಿ ತೆಗೆಯಲು ಸಾಫ್ಟ್‌ವೇರಿನಲ್ಲಿ ಏನೇನೋ ಪ್ರಯತ್ನಿಸಿದೆ. ಯಾವುದು ಅವರು ಬೇಕೆಂದು ನೂಕಿದ್ದು, ಯಾವುದು ಬೇಡದೆ ಆದದ್ದು ಎಂದು ಅದಕ್ಕೆ ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು.

ಹೇಳಬೇಕಾದ ದಿನ ಬಂದಿತ್ತು. ಆ ಭಾನುವಾರ ಬಸ್ಸಿನಲ್ಲಿ ಬರುತ್ತ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದೆ. ವಾರವಿಡೀ ಮಗಳಿಗೆ ಜ್ವರ. ಕಚೇರಿ, ಆಸ್ಪತ್ರೆ, ಮನೆ ಎಂದು ಓಡಾಡಿ ನನ್ನ ಕಣ್ಣು ಉರಿಯುತ್ತಿತ್ತು. ಹಿಂದಿನ ದಿನವಷ್ಟೇ ಅವಳ ತೋಳು ಹಿಡಿದುಕೊಂಡು ಸೂಜಿ ನೋಯುವುದಿಲ್ಲ ಎಂದು ಹೇಳಿದ್ದೆ. ಒಳಗೆ ಬಂದರೆ ಇನ್ನಾಸಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆಗಲೇ ಬಂದು ನಿಂತಿದ್ದರು.

“ಡಾಕ್ಟ್ರು ಹೊಸ ಮಾತ್ರೆ ಕೊಟ್ಟವ್ರೆ ಅಮ್ಮಣ್ಣಿ. ನೋಡಾನ ಇವತ್ತು ಹೆಂಗೆ ಕೇಳ್ತದೆ ಕೈ.”

ಆ ಮಾತಿಗೆ ನಾನು ಕೊಡಬೇಕಾಗಿದ್ದ ಉತ್ತರ ಉದ್ದವಾದದ್ದು. ಕುಳಿತು ಹೇಳಬೇಕು, ಅವರ ಮುಖ ನೋಡಬೇಕು, ಆಮೇಲಿನದನ್ನೂ ಮಾತಾಡಬೇಕು. ಗುಂಡಿ ಒತ್ತುವುದಕ್ಕೆ ಒಂದು ಕ್ಷಣ ಸಾಕು. ಒತ್ತಿದೆ.

ಮೂರು ಗಂಟೆ ನಾನು ಪರದೆಯನ್ನು ನೋಡಲಿಲ್ಲ, ಅವರ ಬೆರಳನ್ನೇ ನೋಡಿದೆ. ಅವರು ನೂಕಿದಾಗ ನಾನು ಒಂದು ತಿರುಗುಗುಂಡಿಯಿಂದ ಅಷ್ಟೇ ವೇಗ ಏರಿಸಿದೆ, ಎಳೆದಾಗ ಇಳಿಸಿದೆ. ನಡುಕವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅನುಸರಿಸಿದೆ. ಆರು ವರ್ಷ ನೋಡಿದ ಕೈಯಾದ್ದರಿಂದ ಅದು ಏನು ಮಾಡಲಿದೆ ಎಂಬುದು ನನಗೆ ಮೊದಲೇ ತಿಳಿಯುತ್ತಿತ್ತು. ನಿಲ್ಲಿಸಾಟದಲ್ಲಿ ಬಿಳಿ ಪಟ್ಟಿಯ ಮೇಲೆ ಕಣ್ಣಿಟ್ಟು, ಅದು ಎದೆಗೆ ಬರುವಾಗ ಹಾಡನ್ನು ಇಳಿಸಿ ನಿಲ್ಲಿಸಿದೆ. ಅವರು ಅಂಗೈ ತೆಗೆದಾಗ ಮತ್ತೆ ಹಾಡು ಬಿಟ್ಟೆ. ಅರ್ಧ ಉಸಿರಿನಷ್ಟು ತಡವಾಯಿತು. ಯಾರಿಗೂ ತಿಳಿದಂತೆ ಕಾಣಲಿಲ್ಲ.

ಆಟ ಮುಗಿದಾಗ ಹೊಲಿಗೆ ಕಾರ್ಖಾನೆಯ ಹೆಂಗಸರು ಬಂದು, “ಇವತ್ತು ಹಳೇ ಇನ್ನಾಸಣ್ಣ ಬಂದಿದ್ರು,” ಎಂದರು. ಇನ್ನಾಸಪ್ಪ ತಮ್ಮ ಎಡಗೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡರು.

“ಮಾತ್ರೆ ಕೆಲಸ ಮಾಡ್ತು ಕಣಮ್ಮಣ್ಣಿ.”

“ಹೌದಣ್ಣ,” ಎಂದೆ.

ಮುಂದಿನ ವಾರ ಚೆಲುವರಾಜು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಶುರು ಮಾಡಿದ. “ಇನ್ನಾಸಣ್ಣ, ನಮ್ಮ ಹೊಸ ಬಸ್ಸಿಗೆ ಬೋರ್ಡು ಬರೆದಿದ್ದೀರಲ್ಲ, ಅಕ್ಷರಕ್ಕೆಲ್ಲ ಚಳಿ ಹಿಡ್ದದೆ. ಒಂದೊಂದಕ್ಕೂ ಕಂಬಳಿ ಹೊದಿಸಬೇಕು.” ಸುತ್ತಲಿದ್ದವರು ನಕ್ಕರು. ಇನ್ನಾಸಪ್ಪನವರೂ ನಕ್ಕರು. “ಬಣ್ಣ ತೆಳ್ಳಗಿತ್ತು ಕಣಯ್ಯ,” ಎಂದು ಟರ್ನ್‌ಟೇಬಲ್ಲಿನ ಕಡೆ ಬಂದರು. ನಾನು ಅದನ್ನು ಕೇಳಿದೆ, ಕೇಳಿ ವೈರು ಸಿಕ್ಕಿಸುವುದರಲ್ಲಿ ತೊಡಗಿದೆ. ಅಂದೂ ಗುಂಡಿ ಒತ್ತಿದೆ. ನಿಲ್ಲಿಸಾಟದಲ್ಲಿ ಅವರು ಅಂಗೈ ತೆಗೆದು, ಹಾಡು ಬರುವ ಮುಂಚಿನ ಆ ಅರ್ಧ ಉಸಿರಿನಲ್ಲಿ, ತಿರುಗತೊಡಗಿದ ಬಿಳಿ ಪಟ್ಟಿಯನ್ನು ನೋಡಿದರು. ನನ್ನ ಕಡೆ ನೋಡಲಿಲ್ಲ.

ಮೂರನೆಯ ವಾರದಿಂದ ನಿಲ್ಲಿಸಾಟದಲ್ಲಿ ಅವರು ಒಂದು ಹೊಸ ಕ್ರಮ ತಂದರು, ತಾವು ಬೆರಳೆತ್ತುವ ತನಕ ಯಾರೂ ಅಲ್ಲಾಡಬಾರದು ಎಂದು. ಹಾಡು ನಿಂತು ಹಾಲಿನಲ್ಲಿ ಉಸಿರಾಟವೂ ಕೇಳದಂತಾದಾಗ ಅಂಗೈ ತೆಗೆದು ರೆಕಾರ್ಡನ್ನು ಸುಮ್ಮನೆ ತಿರುಗಲು ಬಿಡುತ್ತಿದ್ದರು. ತಲೆ ಬಗ್ಗಿಸಿ ಕಿವಿಯನ್ನು ಅದರ ಹತ್ತಿರ ತರುತ್ತಿದ್ದರು. ಎಂಟು ಹತ್ತು ಸುತ್ತು ಆದ ಮೇಲೆ ಬಲಗೈಯ ತೋರುಬೆರಳನ್ನು ಮೇಲೆತ್ತುತ್ತಿದ್ದರು. ಅದು ಎದ್ದ ಕ್ಷಣಕ್ಕೆ ನಾನು ಹಾಡು ಬಿಡುತ್ತಿದ್ದೆ. ತಡವಾಗುವ ತೊಂದರೆ ಅದರಿಂದ ತಪ್ಪಿತು. ಜನರಿಗೆ ಆ ಬೆರಳು ಬಹಳ ಹಿಡಿಸಿತು. ವಯಸ್ಸಾದಂತೆ ಮನುಷ್ಯರಿಗೆ ಇಂಥ ಒಂದೊಂದು ಸನ್ನೆ ಸೇರಿಕೊಳ್ಳುತ್ತದೆ ಎಂದು ನಾನು ಅಂದುಕೊಂಡೆ. ಕೈ ತೆಗೆದರೂ ಹಾಡು ಬರುತ್ತಿಲ್ಲ ಎಂಬುದು ಅವರಿಗೆ ಯಾಕೆ ಹೊಳೆಯುತ್ತಿಲ್ಲ ಎಂದು ನಾನು ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳದೆ ಇರುವುದು ಸುಲಭವಾಗಿತ್ತು.

ಏಳನೆಯ ವಾರ ಆಟ ಮುಗಿದಾಗ ಇನ್ನಾಸಪ್ಪ ಬಟ್ಟೆಯನ್ನು ನನ್ನ ಕಡೆ ಚಾಚಿದರು.

“ಇವತ್ತು ರೆಕಾರ್ಡು ನೀನೇ ಎತ್ತಿಡು ಅಮ್ಮಣ್ಣಿ.”

“ನಾನಾ?”

“ಯಾಕೆ, ಕೈಯಿಲ್ವಾ ನಿಂಗೆ,” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ರೆಕಾರ್ಡನ್ನು ಎತ್ತಿದ ಕೂಡಲೇ ಕೈಗೆ ಗೊತ್ತಾಯಿತು. ತೂಕ ಬೇರೆ. ಸಿಳ್ಳೆ ರೆಕಾರ್ಡು ಹಗುರ, ಇದು ಒಂದು ಪಿಂಗಾಣಿ ತಟ್ಟೆಯಷ್ಟು ಭಾರ. ದೀಪದ ಕೆಳಗೆ ಹಿಡಿದೆ. ಬಿಳಿ ಪಟ್ಟಿ ಅದೇ, ಆರು ವರ್ಷದ ಕೊಳೆ ಹಿಡಿದ ಅದೇ ಪ್ಲಾಸ್ಟರ್. ಅದರ ಕೆಳಗಿನ ಕಪ್ಪು ಲೇಬಲ್ ಮಾತ್ರ ಲೇಬಲ್ಲಾಗಿರಲಿಲ್ಲ. ದುಂಡಗೆ ಕತ್ತರಿಸಿ ಅಂಟಿಸಿದ ಕಪ್ಪು ಕಾಗದ. ಅಂಚನ್ನು ಉಗುರಿನಿಂದ ಎಬ್ಬಿಸಿದೆ. ಒಳಗೆ ಮಾಸಿದ ಕೆಂಪು ಲೇಬಲ್, ಅದರ ಮೇಲೆ ನಾಗಸ್ವರದ ಚಿತ್ರ. ಮೈಕ್ ಸೆಟ್ಟಿನ ಕಾಲದಲ್ಲಿ ಮದುವೆ ಮನೆಗಳಲ್ಲಿ ಮೊದಲು ಹಾಕುತ್ತಿದ್ದ ರೆಕಾರ್ಡೊಂದರ ಬಗ್ಗೆ ಅವರು ಎಷ್ಟೋ ಸಲ ಹೇಳಿದ್ದರು.

ಅದರಲ್ಲಿ ಸಿಳ್ಳೆ ಇರಲಿಲ್ಲ. ಕಂಪ್ಯೂಟರ್ ರೆಕಾರ್ಡಿನ ಮಾತನ್ನು ಒಂದು ನಿಮಿಷ ಕೇಳಿದ್ದರೂ ಹಾಡೆಲ್ಲ ಚೆಲ್ಲಾಪಿಲ್ಲಿಯಾಗಬೇಕಿತ್ತು. ಆಗಿರಲಿಲ್ಲ. ಅದನ್ನು ನೋಡುವುದಕ್ಕೇ ಅವರು ಇದನ್ನು ಹಾಕಿದ್ದು.

ದಾಕ್ಷಾಯಿಣಮ್ಮ ಪೊರಕೆ ಹಿಡಿದು ಬಂದರು. ನನ್ನ ಕೈಯಲ್ಲಿದ್ದುದನ್ನು ನೋಡಿ, ಒಳಗೆ ಹೋಗಿ ಬೀರು ತೆರೆದು, ಸಿಳ್ಳೆ ರೆಕಾರ್ಡನ್ನು ಚೀಲದ ಸಮೇತ ತಂದು ಮೇಜಿನ ಮೇಲಿಟ್ಟರು.

“ಒಂದು ತಿಂಗಳ ಮೇಲಾಯ್ತು ನನ್ನ ಹತ್ರ ಕೊಟ್ಟು. ಯಾಕಪ್ಪ ಅಂತ ಕೇಳ್ದೆ. ಅಮ್ಮಣ್ಣಿ ಕೇಳಿದ ದಿನ ಕೊಡಿ ಅಂದ್ರು.” ಅವರು ಗುಡಿಸತೊಡಗಿದರು. “ನೀನು ಕೇಳ್ಲೇ ಇಲ್ಲ.”

ಅವರು ಒಳಗೆ ಹೋದ ಮೇಲೆ ಸ್ಪೀಕರುಗಳನ್ನೆಲ್ಲ ಆರಿಸಿ, ನಾಗಸ್ವರದ ರೆಕಾರ್ಡನ್ನು ತಿರುಗಲು ಬಿಟ್ಟು ಮುಳ್ಳು ಇಳಿಸಿದೆ. ಕಿವಿಯನ್ನು ಹತ್ತಿರ ತಂದಾಗ ಮುಳ್ಳಿನ ತುದಿಯಿಂದಲೇ ಸೊಳ್ಳೆಯಷ್ಟು ಸಣ್ಣ ದನಿಯಲ್ಲಿ ನಾಗಸ್ವರ ಕೇಳುತ್ತಿತ್ತು. ಎಲ್ಲರೂ ಅಲ್ಲಾಡದೆ ನಿಂತಿರುತ್ತಿದ್ದ ಹೊತ್ತಿನಲ್ಲಿ, ಆ ಎಂಟು ಹತ್ತು ಸುತ್ತು, ಇನ್ನಾಸಪ್ಪ ಕೇಳುತ್ತಿದ್ದದ್ದು ಅದನ್ನು. ಬೆರಳು ಎತ್ತುತ್ತಿದ್ದದ್ದು ನಾನು ತಡವಾಗಿ ಸಿಕ್ಕಿಬೀಳದಿರಲಿ ಎಂದು.

ಸೋಮವಾರ ಊಟದ ಬಿಡುವಿನಲ್ಲಿ ಬಸ್ ಶೆಡ್ಡಿಗೆ ಹೋದೆ. ಇನ್ನಾಸಪ್ಪ ಒಂದು ತಗಡಿನ ಅಚ್ಚನ್ನು ಬಸ್ಸಿನ ಹಣೆಗೆ ಅದುಮಿ ಹಿಡಿದು, ಅದರ ತೂತುಗಳಲ್ಲಿ ಬಣ್ಣ ತುಂಬುತ್ತಿದ್ದರು. ಅಚ್ಚು ಇಟ್ಟುಕೊಂಡು ಅವರು ಬರೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾಗಸ್ವರದ ರೆಕಾರ್ಡನ್ನು ಏಣಿಯ ಬುಡದಲ್ಲಿಟ್ಟೆ.

“ಹೇಳಬೇಕಿತ್ತು ನಾನು,” ಎಂದೆ.

“ಹೇಳಬೇಕಿತ್ತು,” ಎಂದರು. ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿ ಕೆಳಗಿಳಿದರು. ಸಿಟ್ಟಿರಲಿಲ್ಲ, ಬಣ್ಣ ಒಣಗುವುದನ್ನು ಕಾಯುವವರ ಮುಖದ ಹಾಗಿತ್ತು ಅವರ ಮುಖ. “ಮೊದಲ್ನೇ ವಾರ ಎಷ್ಟು ಖುಷಿಯಾಗಿತ್ತು ಗೊತ್ತಾ. ಕೈ ವಾಪಸ್ ಬಂತು ಅಂದ್ಕೊಂಡೆ. ಬೆಳಿಗ್ಗೆ ಎದ್ದೋನೇ ಬಂದು, ಹೊಸ ಬಸ್ಸಿಗೆ ಅಚ್ಚಿಲ್ದೆ ಬರೀತೀನಿ ಅಂತ ಮೇಸ್ತ್ರಿ ಹತ್ರ ಒಪ್ಕೊಂಡೆ. ಅವನು ಬೇಡ ಅಂದ. ನಾನೇ ಹಟ ಮಾಡ್ದೆ. ಶೆಡ್ಡಿನೋರೆಲ್ಲ ನಿಂತು ನೋಡ್ತಿದ್ರು.”

ಚೆಲುವರಾಜು ಹೇಳಿದ ಚಳಿ ಹಿಡಿದ ಅಕ್ಷರಗಳು ನನಗೆ ಆಗ ನೆನಪಾದವು.

“ಭಾನುವಾರ ನೆಟ್ಟಗಿದ್ದ ಕೈ ಸೋಮವಾರ ಹಿಂಗ್ಯಾಕೆ ಅಂತ ಏಣಿ ಮೇಲೇ ಯೋಚನೆ ಮಾಡ್ದೆ. ಆಮೇಲೆ ಗೊತ್ತಾಯ್ತು, ಭಾನುವಾರದ್ದು ನನ್ನ ಕೈಯಲ್ಲ ಅಂತ.”

“ನಿಮಗೆ ಬೇಜಾರಾಗ್ತದೆ ಅಂತ ಅಣ್ಣ.”

“ಬೇಜಾರಾಗ್ತಿತ್ತು. ಆಗ್ಲಿ ಬಿಡು, ಅದು ನನ್ನ ಬೇಜಾರು.” ಅವರು ಬಗ್ಗಿ ರೆಕಾರ್ಡನ್ನು ತೆಗೆದುಕೊಂಡು, ಬಿಳಿ ಪಟ್ಟಿಯನ್ನು ಮೆಲ್ಲಗೆ ಬಿಡಿಸಿ ನನ್ನ ಅಂಗೈಗೆ ಅಂಟಿಸಿದರು. ಬೆರಳು ಅದುರುತ್ತಿದ್ದುದರಿಂದ ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. “ಸಿಳ್ಳೆ ರೆಕಾರ್ಡಿಗೆ ಹಾಕು ಇದನ್ನ. ನೀನೇ ಹಿಡಿ ಇನ್ಮೇಲೆ. ಗುಂಡಿ ಗಿಂಡಿ ಬೇಡ.”

“ನೀವು ಬರಲ್ವಾ?”

“ಬರ್ದೆ ಏನು. ಇಷ್ಟು ವರ್ಷ ಅಲ್ಲಿ ಕುಣಿಯೋಕೇ ಆಗಿಲ್ಲ ನಂಗೆ.”

ಮುಂದಿನ ಭಾನುವಾರ ಅವರು ನಾಲ್ಕಕ್ಕೆ ಸರಿಯಾಗಿ ಬಂದು, ಎಲ್ಲರ ಜೊತೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹಾಲಿನ ನಡುವೆ ನಿಂತರು. ನಾನು ಕಂಪ್ಯೂಟರ್ ಮತ್ತೆ ರೆಕಾರ್ಡಿನ ಮಾತು ಕೇಳುವಂತೆ ಮಾಡಿ, ಸಿಳ್ಳೆ ರೆಕಾರ್ಡಿನ ಅಂಚಿಗೆ ನನ್ನ ಬೆರಳಿಟ್ಟೆ. ನನ್ನ ಕೈ ಒರಟಾಗಿತ್ತು. ಹಾಡು ಎರಡು ಸಲ ಎಡವಿತು. ಯಾರೋ ಸಿಳ್ಳೆ ಹಾಕಿದರು. ಇನ್ನಾಸಪ್ಪ ಕುಣಿಯುತ್ತಿದ್ದರು. ಅವರಿಗೆ ಕುಣಿಯಲು ಚೆನ್ನಾಗಿ ಬರುತ್ತಿತ್ತು ಎಂಬುದು ಇಷ್ಟು ವರ್ಷದಲ್ಲಿ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಆರೂವರೆಗೆ ಅಂಗೈ ಇಟ್ಟು ಒತ್ತಿದೆ. ಹಾಡು ಕೆಳಗಿಳಿಯಿತು, ಮಗಳ ದನಿ ದಪ್ಪವಾಯಿತು, ನಿಂತಿತು. ಎಲ್ಲರೂ ಇದ್ದಂತೆ ನಿಂತರು. ಇನ್ನಾಸಪ್ಪ ಎರಡು ಕೈಗಳನ್ನೂ ಮುಂದಕ್ಕೆ ಚಾಚಿದ ಭಂಗಿಯಲ್ಲಿ ಸಿಕ್ಕಿಕೊಂಡಿದ್ದರು. ನಿಶ್ಚಲವಾದ ಆ ಹಾಲಿನಲ್ಲಿ ಅವರ ಎಡಗೈ ಒಂದೇ ಅಲ್ಲಾಡುತ್ತಿತ್ತು. ಎಲ್ಲರಿಗೂ ಕಾಣುವ ಹಾಗೆ, ನಿಲ್ಲದೆ ಅಲ್ಲಾಡುತ್ತಿತ್ತು.

ಅವರ ಎದುರಿಗಿದ್ದ ಚೆಲುವರಾಜು ಥಟ್ಟನೆ ಒಂದು ಕಾಲು ಎತ್ತಿ ಇಳಿಸಿದ. “ಸೋತೆ, ಸೋತೆ. ನಾನೇ ಮೊದಲು. ಕೊಡಿ ಬಿಂದಿಗೆ.”

“ಸುಳ್ಳು ಹೇಳ್ಬೇಡ ಕಣಯ್ಯ,” ಎಂದರು ಇನ್ನಾಸಪ್ಪ. “ಇಷ್ಟು ಜನ ನೋಡವ್ರೆ. ಮೊದಲು ಅಲ್ಲಾಡಿದ್ದು ನಾನು.”

ಇನ್ನಾಸಪ್ಪ ನನ್ನ ಮೇಜನ್ನು ದಾಟಿ ಮೂಲೆಗೆ ಹೋಗಿ ಬಿಂದಿಗೆಯನ್ನು ಸೊಂಟಕ್ಕೆ ಏರಿಸಿಕೊಂಡರು. ನಾನು ಅಂಗೈ ತೆಗೆದೆ. ಹಾಡು ಎದ್ದಿತು, ಜನ ಕುಣಿಯತೊಡಗಿದರು. ಅವರು ನಡುವೆ ನಡುವೆ ನಿಂತು ಲೋಟಕ್ಕೆ ಬಗ್ಗಿಸಿ ಕೊಡುತ್ತ ಬಂದರು. ಲೋಟಕ್ಕೆ ಬಿದ್ದಷ್ಟೇ ನೀರು ನೆಲಕ್ಕೂ ಬೀಳುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ದಾಕ್ಷಾಯಿಣಮ್ಮ ನೆಲವನ್ನು ನೋಡಿ, ಒರೆಸುವ ಬಟ್ಟೆ ತರಲು ಒಳಗೆ ಹೋದರು.

ಕೊನೆಗೆ ಇನ್ನಾಸಪ್ಪ ನನ್ನ ಮೇಜಿಗೆ ಬಂದರು. ಲೋಟ ಕೊಟ್ಟು, ತಿರುಗುತ್ತಿದ್ದ ಬಿಳಿ ಪಟ್ಟಿಯನ್ನು ನೋಡಿದರು.

“ನಿನ್ನ ಕೈ ಇನ್ನೂ ಬಂದಿಲ್ಲ ಅಮ್ಮಣ್ಣಿ. ನಿಲ್ಲಿಸಿದಾಗ ಪಟ್ಟಿ ಎದೆಗೆ ಬರ್ಲಿಲ್ಲ. ನಾಲ್ಕು ಬೆರಳು ಆಚೆ ನಿಂತಿತು.”

“ನೋಡಿದೆ ಅಣ್ಣ.”

“ನೋಡ್ಕೊ,” ಎಂದು ಬಿಂದಿಗೆಯನ್ನು ಸೊಂಟದ ಇನ್ನೊಂದು ಬದಿಗೆ ಬದಲಾಯಿಸಿಕೊಂಡು ಹೋದರು.

ಲೋಟದಲ್ಲಿ ಅರ್ಧ ನೀರಿತ್ತು, ಕುಡಿದೆ. ಬಿಳಿ ಪಟ್ಟಿ ತಿರುಗುತ್ತಿತ್ತು. ಅವರ ಕೈಗೂ ಹಾಡಿಗೂ ನಡುವೆ ಬರುವುದಿಲ್ಲ, ಕೈ ಕೆಟ್ಟ ದಿನ ಎಲ್ಲರಿಗಿಂತ ಮೊದಲು ನಾನೇ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೆ. ನಡುವೆ ಬಂದೆ. ಹೇಳಲಿಲ್ಲ.